1996ರ ಕಾರ್ಬ್ಯುರೇಟರ್ ಝೆನ್: ಮನೆ ಶೆಡ್‌ನಲ್ಲೇ ಕಟ್ಟಬೇಕು, ಯಾವುದಕ್ಕೆ ಮೊದಲು ಕೈ ಹಚ್ಚಲಿ?

ಹದಡಿರೋಡ್_96 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗಾಡಿ 1996ರ ಮಾರುತಿ ಝೆನ್, ಕೆಎ-17 ನಂಬರು, 993 ಸಿಸಿ ಕಾರ್ಬ್ಯುರೇಟರ್ ಇಂಜಿನ್. ದಾವಣಗೆರೆಯಲ್ಲಿ ಶೆಡ್‌ನೊಳಗೆ 7 ವರ್ಷದಿಂದ ನಿಂತಿದೆ. ಈಗಿನ ಸ್ಥಿತಿ ಇಷ್ಟು:

ಮುಂದಿನ ಎಡಗಡೆ ಕಾಲಿಡುವ ಜಾಗದಲ್ಲಿ ಅಂಗೈಯಗಲ ತೂತು. ಬ್ಯಾಟರಿ ಟ್ರೇ ಕೆಳಗೆ ತುಕ್ಕು. ಹಿಂದಿನ ಎರಡೂ ವೀಲ್ ಆರ್ಚ್‌ಗೆ ಹಿಂದೆ ಯಾರೋ ಪುಟ್ಟಿ ಮೆತ್ತಿದ್ದಾರೆ, ಈಗ ಬಿರುಕು ಬಿಟ್ಟಿದೆ. ಟ್ಯಾಂಕಿನಲ್ಲಿ ಸುಮಾರು 10 ಲೀಟರ್ ಹಳೇ ಪೆಟ್ರೋಲ್ ಉಳಿದಿದೆ, ವಾರ್ನಿಷ್ ವಾಸನೆ. ರೇಡಿಯೇಟರ್‌ಗೆ ಮೊದಲಿಂದಲೂ ಬೋರ್‌ವೆಲ್ ನೀರೇ ಹಾಕಿದ್ದು, ಕ್ಯಾಪ್ ತೆಗೆದರೆ ಕಂದು ಕೆಸರು. ಬ್ರೇಕ್ ಪೆಡಲ್ ನೆಲಕ್ಕೆ ಹೋಗುತ್ತದೆ. ಸೆಲ್ಫ್ ಇನ್ನೂ ಹೊಡೆದು ನೋಡಿಲ್ಲ.

ಶೆಡ್ 12×20 ಅಡಿ, ಸಿಂಗಲ್ ಫೇಸ್ ಕರೆಂಟು. 2 ಟನ್ ಜಾಕ್, ಸಾಕೆಟ್ ಸೆಟ್, 2 ಎಚ್‌ಪಿ ಕಂಪ್ರೆಸರ್ ಇದೆ. ಕೆಲಸ ಯಾವ ಕ್ರಮದಲ್ಲಿ ಹೋಗಬೇಕು, ಮನೆಯಲ್ಲಿ ಏನು ಮಾಡಬಹುದು, ಹೊರಗೆ ಏನು ಕೊಡಬೇಕು? ಮಾರುತಿ ಎಸ್ಟೀಮ್ ಕಾರಿನ 1.3 ಲೀಟರ್ ಇಂಜಿನ್ ಕೂರಿಸಿ ಅಂತಲೂ ಹೇಳುವವರಿದ್ದಾರೆ. ಆರ್‌ಸಿ 2021ಕ್ಕೇ ಮುಗಿದಿದೆ.

ತಗಡು_ಬಲ್ಲವ:

ಸೆಲ್ಫ್ ಹೊಡೆಯದೇ ಇದ್ದದ್ದು ಒಳ್ಳೇದಾಯ್ತು, ಹೊಡೆಯಲೂ ಬೇಡಿ. ಮೊದಲು ತಗಡು, ಆಮೇಲೆ ಇಂಜಿನ್. ಝೆನ್‌ಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಚಾಸಿ. ಇಂಜಿನ್‌ಗೆ ದುಡ್ಡು ಸುರಿದ ಮೇಲೆ ಸ್ಟ್ರಟ್ (ಮುಂದಿನ ಸಸ್ಪೆನ್ಷನ್ ಕಂಬ) ಕೂರುವ ಗುಂಬದಲ್ಲೋ ಸಿಲ್ (ಬಾಗಿಲ ಕೆಳಗಿನ ಉದ್ದ ಪಟ್ಟಿ) ಒಳಗೋ ತಗಡು ತಿಂದು ಹೋಗಿದೆ ಅಂತ ಗೊತ್ತಾದರೆ ಅಷ್ಟೂ ನೀರಲ್ಲಿ ಹೋಮ.

ಸೀಟು, ಕಾರ್ಪೆಟ್, ಅದರಡಿಯ ಫೆಲ್ಟ್ ಪೂರ್ತಿ ತೆಗೆದುಬಿಡಿ. ನೆಲಕ್ಕೆ ಅಂಟಿಸಿದ ಟಾರ್ ಶೀಟ್ ಮೇಲಿಂದ ಚೆನ್ನಾಗಿಯೇ ಕಾಣುತ್ತದೆ, ಅದರಡಿಗೆ ನೀರು ಸೇರಿ ತಗಡು ಪುಡಿಯಾಗಿರುತ್ತದೆ. ಅದನ್ನೂ ಕಿತ್ತೇ ನೋಡಬೇಕು. ಆಮೇಲೆ ಒಂದು ದಪ್ಪ ಸ್ಕ್ರೂಡ್ರೈವರ್ ಹಿಡಿಯಿಂದ ಅಂಗೈಯಗಲ ಅಂಗೈಯಗಲ ಬಡಿಯುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಒಳಗೆ ತಿಂದಿದ್ದರೆ ದಬ್ ಅನ್ನುತ್ತದೆ. ದಬ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹೊರಗಡೆ ಪುಟ್ಟಿ ಹುಡುಕಲು ಸಣ್ಣ ಅಯಸ್ಕಾಂತ ಸಾಕು. ತೆಳು ಬಟ್ಟೆ ಸುತ್ತಿ ಜಾರಿಸಿ, ಹಿಡಿತ ಬಿಟ್ಟ ಕಡೆ ಒಳಗೆ ತಗಡಿಲ್ಲ ಅಂತಲೇ ಲೆಕ್ಕ. ಸ್ಟ್ರಟ್ ಗುಂಬ, ಲೋವರ್ ಆರ್ಮ್ ಹಿಡಿಯುವ ಜಾಗ, ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು, ಸಿಲ್‌ನ ಎರಡೂ ತುದಿ: ಈ ನಾಲ್ಕು ಗಟ್ಟಿ ಇದ್ದರೆ ಗಾಡಿ ಉಳಿಯುತ್ತದೆ. ಮಿಕ್ಕಿದ್ದೆಲ್ಲ ತೇಪೆ ಕೆಲಸ.

ಜಾಕ್ ವಿಷಯ ಹುಷಾರು. ಸಿಲ್ ತಿಂದಿರುವ ಗಾಡಿಗೆ ಸಿಲ್ ಅಂಚಿನಲ್ಲಿ ಜಾಕ್ ಕೊಟ್ಟರೆ ತಗಡು ಮಡಚಿಕೊಂಡು ಗಾಡಿ ಕುಸಿಯುತ್ತದೆ. ಮುಂದೆ ಕ್ರಾಸ್ ಮೆಂಬರ್, ಹಿಂದೆ ಆಕ್ಸಲ್ ಕೆಳಗೆ ಎತ್ತಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವ ಕಾರಣಕ್ಕೂ ಬೇಡ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಎಡಗಡೆ ನೆಲ ತೂತು ಬಿದ್ದಿದೆ ಅಂದರೆ ಮೇಲಿಂದ ನೀರು ಇಳಿಯುತ್ತಿದೆ. ತೇಪೆಗೂ ಮೊದಲು ಅದನ್ನು ಹುಡುಕಬೇಕು. ವೈಪರ್ ಕೆಳಗಿನ ಕೌಲ್‌ನಲ್ಲಿ ಬೇವಿನೆಲೆ ಕೊಳೆತು ನೀರು ಹೋಗುವ ತೂತು ಕಟ್ಟಿರುತ್ತದೆ, ಇಲ್ಲವೇ ಗ್ಲಾಸಿನ ರಬ್ಬರ್ ಒಣಗಿ ಬಿಟ್ಟಿರುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಚೊಂಬಿನಲ್ಲಿ ನಿಧಾನ ನೀರು ಬಿಡಲಿ. ಮೊದಲು ಕೌಲ್‌ಗೆ, ಐದು ನಿಮಿಷ ಬಿಟ್ಟು ಗ್ಲಾಸಿನ ಅಂಚಿಗೆ. ಪೈಪಿನಲ್ಲಿ ಒಟ್ಟಿಗೆ ಹೊಡೆದರೆ ಎಲ್ಲಿಂದ ಬಂತು ಅಂತ ತಿಳಿಯೋದಿಲ್ಲ.

ತೇಪೆಗೆ ಬಾಡಿ ಭಾಗಕ್ಕೆ 0.8 ಮಿ.ಮೀ., ನೆಲಕ್ಕೆ 1 ಮಿ.ಮೀ. ಸಿಆರ್ ಶೀಟ್ (ಲೇಪನವಿಲ್ಲದ ಕೋಲ್ಡ್ ರೋಲ್ಡ್ ಉಕ್ಕಿನ ತಗಡು) ತನ್ನಿ. ಸತು ಲೇಪಿಸಿದ ಜಿಐ ಶೀಟ್ ಬೇಡ: ಅದರ ಸತು ಉರಿದು ವಿಷದ ಹೊಗೆ ಬರುತ್ತದೆ, ವೆಲ್ಡ್ ತುಂಬ ಸಣ್ಣ ಸಣ್ಣ ರಂಧ್ರ ಬೀಳುತ್ತದೆ. ತುಕ್ಕನ್ನು ಹೊಳೆಯುವ ತಗಡು ಸಿಗುವವರೆಗೂ ಕತ್ತರಿಸಿ, ತೇಪೆಯ ಮೂಲೆಗಳನ್ನು ದುಂಡಗೆ ಮಾಡಿ. ವೆಲ್ಡಿಂಗ್ ಮಿಗ್‌ನಲ್ಲೇ (ತಂತಿ ತಾನೇ ಬರುವ, ಗ್ಯಾಸ್ ರಕ್ಷಣೆಯ ಕರೆಂಟ್ ವೆಲ್ಡಿಂಗ್) ಆಗಬೇಕು, 0.8 ತಂತಿ ನಡೆಯುತ್ತದೆ, 0.6 ಸಿಕ್ಕರೆ ಇನ್ನೂ ಚೆಂದ. ಗ್ಯಾಸ್ ವೆಲ್ಡಿಂಗ್ ಕಾವಿಗೆ ಇಷ್ಟು ತೆಳು ತಗಡು ಹಪ್ಪಳದ ಹಾಗೆ ಏಳುತ್ತದೆ. 25–30 ಮಿ.ಮೀ. ಬಿಟ್ಟು ಬಿಟ್ಟು ಒಂದೊಂದು ಚುಕ್ಕೆ ಹಾಕಿ, ಒಂದು ಈ ಕಡೆ ಆದರೆ ಮುಂದಿನದು ಎದುರುಗಡೆ, ಕೈ ಇಡುವಷ್ಟು ತಣ್ಣಗಾದ ಮೇಲೆ ನಡುವೆ ಇನ್ನೊಂದು. ವೆಲ್ಡ್ ಮಾಡುವಾಗ ಶೆಡ್ ಬಾಗಿಲು ಗಾಳಿಗೆ ಅಡ್ಡ ಇರಲಿ, ಗಾಳಿ ಬೀಸಿದರೆ ಶೀಲ್ಡಿಂಗ್ ಗ್ಯಾಸ್ ಹಾರಿ ವೆಲ್ಡ್ ಜಾಳಾಗುತ್ತದೆ. ಆದರೆ ಪೂರ್ತಿ ಮುಚ್ಚಿ ಹೊಗೆಯಲ್ಲಿ ಕೂರಬೇಡಿ. ಅದಕ್ಕೂ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್‌ನಿಂದಲೇ ಆಚೆ ಇಡಿ, ಬ್ಯಾಟರಿ ತೆಗೆದಿಡಿ. ತಗಡಿನ ಇನ್ನೊಂದು ಮಗ್ಗುಲಲ್ಲಿ ಟಾರ್ ಹೊತ್ತಿಕೊಳ್ಳೋದು ವೆಲ್ಡರ್ ಕಣ್ಣಿಗೆ ಬೀಳೋದಿಲ್ಲ, ನೀರು ಹಿಡಿದ ಒಬ್ಬರು ಆ ಕಡೆ ಇರಲೇಬೇಕು.

ಸಿಲ್ ಕತ್ತರಿಸುವುದಾದರೆ ಮೊದಲು ಡೋರ್ ಬಾಯಿಗೆ ಒಳಗಿಂದ ಚೌಕ ಪೈಪ್ ಅಡ್ಡ ಕೊಟ್ಟು ಟ್ಯಾಕ್ ಮಾಡಿ. ಎಡ ಮುಗಿಯದೆ ಬಲ ಮುಟ್ಟಬೇಡಿ. ಒಟ್ಟಿಗೆ ಎರಡೂ ಕತ್ತರಿಸಿದರೆ ಬಾಡಿ ನಡುವೆ ಜೋಲುತ್ತದೆ, ಆಮೇಲೆ ಡೋರ್ ಯಾವತ್ತೂ ಸರಿಯಾಗಿ ಕೂರೋದಿಲ್ಲ.

ಫೈರ್‌ವಾಲ್ (ಇಂಜಿನ್‌ಗೂ ಒಳಗಿನ ಸೀಟಿಗೂ ನಡುವಿನ ತಗಡಿನ ಗೋಡೆ) ಕಡೆ ಕೆಲಸ ಮಾಡುವಾಗ ಚಾಸಿ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಪುಟ್ಟಿ ಎಳೆಯಬೇಡಿ. ಕೆಲಸ ಶುರುವಾಗುವ ಮೊದಲೇ ಅದರ ಫೋಟೋ ಮತ್ತು ಪೆನ್ಸಿಲ್ ಉಜ್ಜಿದ ಅಚ್ಚು ತೆಗೆದಿಟ್ಟುಕೊಳ್ಳಿ.

ದುರ್ಗದ_ಸ್ಪ್ಯಾನರ್:

ಮೇಲಿನವರು ಹೇಳಿದ ಕ್ರಮ ಸರಿ. ತಗಡು ಕೆಲಸ ನಡೆಯುವಾಗಲೇ ಇಂಜಿನ್ ನೆನೆಯಲಿಕ್ಕೆ ಬಿಡಬಹುದು.

ಇಂಜಿನ್ ತಣ್ಣಗಿರುವಾಗ ನಾಲ್ಕೂ ಪ್ಲಗ್ ಬಿಚ್ಚಿ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಪ್ಲಗ್ ಜೊತೆ ಮರೆಯೂ (ಥ್ರೆಡ್) ಕಿತ್ತು ಬರುತ್ತದೆ. ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕಾಲು ಸುತ್ತು ಬಿಚ್ಚಿ ಮತ್ತೆ ಬಿಗಿದು, ಹಾಗೇ ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ. ಮರೆ ಹೋಗಿದ್ದರೆ ಎಂ14×1.25 ಅಳತೆಯ ಹೆಲಿಕಾಯ್ಲ್ (ಹೊಸ ಮರೆ ಕೊಡುವ ತಂತಿ ಸುರುಳಿ) ಹಾಕಿಸಿ. ಅಂಟು ಹಚ್ಚಿ ಕೂರಿಸುವ ಉಪಾಯ ಕೇಳಲೇಬೇಡಿ.

ಪ್ರತಿ ಸಿಲಿಂಡರ್‌ಗೂ 10–15 ಮಿ.ಲೀ. ತೆಳು ಎಣ್ಣೆ ಬಿಟ್ಟು ಎರಡು ದಿನ ಸುಮ್ಮನಿರಿ. ಆಮೇಲೆ ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಇಂಜಿನ್ ಸುತ್ತುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಒಂದೇ ಸಮ ತಡೆ ಇದ್ದರೆ ಪರವಾಗಿಲ್ಲ. ಒಂದೇ ಜಾಗದಲ್ಲಿ ಕಲ್ಲಿನ ಹಾಗೆ ನಿಂತರೆ ಪೈಪ್ ಸಿಕ್ಕಿಸಿ ಒತ್ತಬೇಡಿ, ಇನ್ನೆರಡು ದಿನ ನೆನೆಯಲಿ. ಎರಡು ಸುತ್ತು ಸಲೀಸಾಗಿ ತಿರುಗಿದ ಮೇಲೂ ಟೈಮಿಂಗ್ ಬೆಲ್ಟ್ ಮತ್ತು ಟೆನ್ಷನರ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ. 7 ವರ್ಷ ಒಂದೇ ಭಂಗಿಯಲ್ಲಿ ಮಡಚಿ ನಿಂತ ರಬ್ಬರ್ ಅದು, ಮೇಲೆ ಬಿರುಕು ಕಾಣದಿದ್ದರೂ ನಂಬುವ ಹಾಗಿಲ್ಲ. ಅದೇ ಕೈಯಲ್ಲಿ ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್, ವಾಟರ್ ಪಂಪ್ ಮುಗಿಸಿ. ಡಿಸ್ಟ್ರಿಬ್ಯೂಟರ್ ಕಳಚುವ ಮೊದಲು ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಬಾಡಿ ಮೇಲೆ ಗೀಟು ಹಾಕಿ. ಬೆಲ್ಟ್ ಗುರುತು ಕೂಡಿಬಂದ ಮಾತ್ರಕ್ಕೆ ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿದೆ ಅಂತ ತಿಳಿದು ಜೋಡಿಸಿದವರಿಗೆ ಫೈರಿಂಗ್ 180 ಡಿಗ್ರಿ ತಪ್ಪುತ್ತದೆ. ಪ್ಲಗ್ ತೂತಿಗೆ ಬೆರಳು ಒತ್ತಿ ಗಾಳಿ ನೂಕುವುದನ್ನು ನೋಡಿಯೇ ಖಾತ್ರಿ ಮಾಡಿಕೊಳ್ಳಿ.

ಕಂಪ್ರೆಷನ್ ನೋಡುವಾಗ ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಬ್ಯಾಟರಿ ಫುಲ್ ಚಾರ್ಜ್. ಸಿಲಿಂಡರ್ ಸಿಲಿಂಡರ್ ನಡುವೆ 1 ಕೆಜಿ/ಸೆಂ.ಮೀ.²ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಾರಣ ಹುಡುಕಬೇಕು. ಕಮ್ಮಿ ಇದ್ದ ಸಿಲಿಂಡರ್‌ಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ನಡುವಿನ ಗ್ಯಾಸ್ಕೆಟ್.

ಈಗ ನೀರಿನ ವಿಷಯ, ನಿಮ್ಮ ಗಾಡಿಗೆ ಇದೇ ಮುಖ್ಯ. ನಮ್ಮ ಎರಡೂ ಜಿಲ್ಲೆಯ ಬೋರ್‌ವೆಲ್ ನೀರು ಗಡುಸು. ಕಾಯಿಸಿದರೆ ಪಾತ್ರೆ ತಳದಲ್ಲಿ ಕೂರುವ ಬಿಳಿ ಪೊರೆಯೇ ಇಂಜಿನ್ ಒಳಗೂ ಕೂರುತ್ತದೆ. ಅದು ಕಾವನ್ನು ದಾಟಿಸುವುದಿಲ್ಲ, ಹೆಡ್ ಅಲ್ಲಲ್ಲಿ ವಿಪರೀತ ಬಿಸಿಯಾಗಿ ಬಾಗುತ್ತದೆ. ತುಕ್ಕು ತಡೆಯುವ ಕೂಲಂಟ್ ಇಲ್ಲದ ಬರೀ ನೀರು ಅಲ್ಯೂಮಿನಿಯಂ ಅನ್ನೂ ಕೊರೆಯುತ್ತದೆ. ಹೋಸ್ ಕೂರುವ ಮೂತಿ ಬಿಚ್ಚಿ ನೋಡಿ, ಅಂಚು ಗೆದ್ದಲು ತಿಂದ ಮರದ ಹಾಗೆ ಇದ್ದರೆ ಹೆಡ್ ಬಿಚ್ಚದೆ ಬೇರೆ ದಾರಿ ಇಲ್ಲ.

ಪೊರೆ ಮಾತ್ರ ಇದ್ದರೆ ಸಿಟ್ರಿಕ್ ಆಸಿಡ್ (ಅಡುಗೆಯ ನಿಂಬೆ ಉಪ್ಪು) ಲೀಟರ್‌ಗೆ 25 ಗ್ರಾಂ ಕರಗಿಸಿ ಹಾಕಿ. ಥರ್ಮೋಸ್ಟಾಟ್ ತೆಗೆದು, ಇಂಜಿನ್ ಬಿಸಿಯಾದ ಮೇಲೆ 20 ನಿಮಿಷ ಓಡಿಸಿ, ತಣ್ಣಗಾದ ಮೇಲೆ ಖಾಲಿ ಮಾಡಿ, ನೀರು ತಿಳಿಯಾಗಿ ಬರುವವರೆಗೂ ತೊಳೆಯಿರಿ. ರಾತ್ರಿಯಿಡೀ ಒಳಗೆ ಬಿಡಬೇಡಿ. ಕಾಸ್ಟಿಕ್ ಸೋಡಾ, ಬಾತ್‌ರೂಮ್ ಆಸಿಡ್ ಎರಡೂ ಅಲ್ಯೂಮಿನಿಯಂಗೆ ಯಮ. ಕಡೆಗೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಸಮ ಬೆರೆಸಿ ತುಂಬಿ. ಥರ್ಮೋಸ್ಟಾಟ್ ವಾಪಸ್ ಹಾಕಲೇಬೇಕು. ಅದನ್ನು ಕಿತ್ತು ಬಿಸಾಡಿದರೆ ಗಾಡಿ ತಂಪಾಗಿರುತ್ತದೆ ಅನ್ನೋದು ನಮ್ಮ ಕಡೆ ಬಹಳ ಹಳೇ ತಪ್ಪು. ಇಂಜಿನ್ ಸರಿಯಾದ ಕಾವಿಗೆ ಬರದೆ ಪೆಟ್ರೋಲ್ ಜಾಸ್ತಿ ಕುಡಿದು, ಉರಿಯದ ಪೆಟ್ರೋಲ್ ಆಯಿಲ್‌ಗೆ ಇಳಿದು ಬೋರ್ ಸವೆಯುತ್ತದೆ.

ಹೆಡ್ ಬಿಚ್ಚಿದರೆ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ತೂರಿಸಿ ನೋಡಿ, 0.05 ಮಿ.ಮೀ. ದಾಟಿದರೆ ಫೇಸಿಂಗ್ (ಮೇಲ್ಮೈ ಸಮ ಮಾಡುವುದು) ಮಾಡಿಸಬೇಕು. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಹರಿಹರ ನಿಮ್ಮ ಮಗ್ಗುಲಲ್ಲೇ ಇದೆ, ಆ ಕಡೆ ಮಷಿನ್ ಕೆಲಸ ಬಲ್ಲ ಕೈಗಳಿವೆ. ಮೇಲ್ಮೈ ಮಷಿನ್‌ನಲ್ಲೇ ತೆಗೆಸಿ, ಎಮರಿ ಕಲ್ಲಿನಲ್ಲಿ ಕೈಯಿಂದ ಉಜ್ಜಿಸಬೇಡಿ. ಆದಷ್ಟು ಕಮ್ಮಿ ತೆಗೆಯಲಿ. ಕೂರಿಸುವ ಮೊದಲು ಬ್ಲಾಕಿನ ಬೋಲ್ಟ್ ತೂತುಗಳನ್ನು ಗಾಳಿ ಹೊಡೆದು ಒಣಗಿಸಿ. ತಳದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಅಲ್ಯೂಮಿನಿಯಂ ಬ್ಲಾಕ್ ಸೀಳುತ್ತದೆ. ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ.

ಹದಡಿರೋಡ್_96:

ಇಬ್ಬರಿಗೂ ಧನ್ಯವಾದ. ಅಯಸ್ಕಾಂತ ಹಿಡಿದು ನೋಡಿದೆ: ಬಲಗಡೆ ಆರ್ಚ್ ಬಹುತೇಕ ಪುಟ್ಟಿಯೇ, ನಾಲ್ಕು ಕಡೆಯೂ ಮುಖ್ಯ ಜಾಗ ಠಣ್ ಅನ್ನುತ್ತಿವೆ. ಟ್ಯಾಂಕ್ ಇಳಿಸಿದ್ದೇನೆ, ಒಳಗೆ ಕೆಂಪು ತುಕ್ಕು, ತಳದ ಅಂಚಲ್ಲಿ ಸೂಜಿಮೊನೆಯಷ್ಟು ಒಂದು ತೂತು. ಬೆಸುಗೆ ಹಾಕಿಸಬಹುದೇ? ಮತ್ತೆ, ಈಗ ಬಂಕ್‌ಗಳಲ್ಲಿ ಬರುವ ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲ್ ಈ ಕಾರ್ಬ್ಯುರೇಟರ್‌ಗೆ ಆಗುತ್ತದೆಯೇ?

ಮೇನ್‌ಜೆಟ್:

ಟ್ಯಾಂಕ್‌ಗೆ ಬೆಸುಗೆ ಮನೆಯಲ್ಲಿ ಖಂಡಿತ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಉಳಿದ ಆವಿ ಗಾಳಿ ಜೊತೆ ಬೆರೆತು ಬಾಂಬಿನ ಹಾಗೆ ಸಿಡಿಯುತ್ತದೆ. ನೀರಲ್ಲಿ ಎರಡು ಸಲ ತೊಳೆದೆ ಅಂದರೂ ಮಡಿಕೆಗಳಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಅಂಚಲ್ಲಿ ತೂತು ಬಿದ್ದಿದೆ ಅಂದರೆ ಸುತ್ತಮುತ್ತ ತೆಳುವಾಗಿದೆ ಅಂತಲೇ ಅರ್ಥ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಬೇರೆ ಗಟ್ಟಿ ಟ್ಯಾಂಕ್ ತರುವುದು ವಾಸಿ, ಕಾರ್ಬ್ಯುರೇಟರ್ ಗಾಡಿಯದ್ದೇ ತನ್ನಿ. ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿಯ ಪೆಟ್ರೋಲ್ ವ್ಯವಸ್ಥೆ ಬೇರೆ. ಹಳೇ 10 ಲೀಟರ್ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಇಂಜಿನ್‌ಗೂ ಹಾಕಬೇಡಿ.

ಇ20 ಬಗ್ಗೆ: ಓಡುತ್ತದೆ, ಆದರೆ ಮೂರು ಕೆಲಸ ಆಗಬೇಕು. ಎಥನಾಲ್ ಹಳೇ ರಬ್ಬರ್ ಅನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಇರುವ ಎಲ್ಲ ಹೋಸ್ ತೆಗೆದು, ಮೇಲೆ ಎಸ್ಎಇ ಜೆ30 ಆರ್9 ಅಂತ ಅಚ್ಚಿರುವುದನ್ನೇ ಹಾಕಿ. ಮೀಟರ್ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಕಪ್ಪು ಪೈಪು ಒಳಗಿಂದ ಕರಗಿ, ಆ ಕಪ್ಪು ಪುಡಿ ನೇರ ಜೆಟ್‌ಗೆ ಹೋಗಿ ಕೂರುತ್ತದೆ. ಪೆಟ್ರೋಲ್ ಪಂಪ್, ಕಾರ್ಬ್ಯುರೇಟರ್ ಡಯಾಫ್ರಾಮ್, ನೀಡಲ್ ವಾಲ್ವ್ ಹೊಸದಾಗಲಿ.

ಎರಡನೇದು, ಮಿಶ್ರಣ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ: ಪಿಕಪ್‌ನಲ್ಲಿ ಮುಗ್ಗರಿಸುತ್ತದೆ, ಹೈವೇಯಲ್ಲಿ ಬಿಸಿ ಏರುತ್ತದೆ. ಮೇನ್ ಜೆಟ್ ಮೇಲೆ ಅಂಕಿ ಕೊರೆದಿರುತ್ತದೆ, ಒಂದೇ ಒಂದು ಮೆಟ್ಟಿಲು ಮೇಲಿನದು ಹಾಕಿ, 30–40 ಕಿ.ಮೀ. ಓಡಿಸಿ ಪ್ಲಗ್ ನೋಡಿ. ಇಟ್ಟಿಗೆ ಪುಡಿಯ ಹಗುರ ಕಂದು ಬಂದರೆ ಸರಿ, ಸುಣ್ಣದ ಹಾಗೆ ಬಿಳಿ ಇದ್ದರೆ ಇನ್ನೂ ತೆಳು, ಮಸಿ ಹಿಡಿದರೆ ಜಾಸ್ತಿ. ಜೆಟ್ ತೂತನ್ನು ತಂತಿ ತೂರಿಸಿ ಹಿಗ್ಗಿಸುವ ಕೆಲಸಕ್ಕೆ ಹೋಗಬೇಡಿ, ದುಂಡಗಿನ ತೂತು ಅಂಡಾಕಾರವಾದರೆ ಆ ಕಾರ್ಬ್ಯುರೇಟರ್ ಯಾವತ್ತೂ ಸೆಟ್ ಆಗದು. ಜೆಟ್ ಮುಟ್ಟುವ ಮೊದಲು ವ್ಯಾಕ್ಯೂಮ್ ಪೈಪ್‌ಗಳನ್ನು ಒಂದೊಂದೇ ಬದಲಿಸಿ. ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಅಂತ ಗೊಂದಲ ಖಚಿತ. ಕಾರ್ಬ್ಯುರೇಟರ್ ಕೆಟ್ಟಿದೆ ಅಂತ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಒಡೆದ ವ್ಯಾಕ್ಯೂಮ್ ಪೈಪೇ ಕಾರಣ.

ಮೂರನೇದು, ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಅರ್ಧ ಟ್ಯಾಂಕ್ ಇಟ್ಟು ಬಿಡಬೇಡಿ. ಕಡೇ ಸಲ ಓಡಿಸುವಾಗ ಕಾರ್ಬ್ಯುರೇಟರ್ ಬಟ್ಟಲು ಖಾಲಿಯಾಗುವವರೆಗೂ ಉರಿಸಿ ನಿಲ್ಲಿಸಿ.

ಹೊಗೆ ಪರೀಕ್ಷೆಗೆ ನಿಮ್ಮ ಕಾಲದ ಗಾಡಿಗೆ ಮಿತಿ ಐಡ್ಲಿಂಗ್‌ನಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) 3 ಪರ್ಸೆಂಟ್, ಎಚ್‌ಸಿ (ಉರಿಯದ ಪೆಟ್ರೋಲ್ ಅಂಶ) 1500 ಪಿಪಿಎಂ. ಸಿಒ ಕಮ್ಮಿ ಇದ್ದು ಎಚ್‌ಸಿ ಮಾತ್ರ ಏರಿದ್ದರೆ ಮಿಕ್ಸ್‌ಚರ್ ಸ್ಕ್ರೂ ತಿರುಗಿಸಬೇಡಿ, ಒಂದು ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿಲ್ಲ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ.

ಎರಡನೇಗೇರ್:

ಎಸ್ಟೀಮ್ ಇಂಜಿನ್ ವಿಚಾರಕ್ಕೆ ಯಾರೂ ಬರಲಿಲ್ಲ. ಕಾರ್ಬ್ಯುರೇಟರ್ ಎಸ್ಟೀಮ್ 65 ಬಿಎಚ್‌ಪಿ, ನಿಮ್ಮದು 50. ಒಂದೇ ಮನೆತನದ ಇಂಜಿನ್, ಕೂರಿಸಬಹುದು. ಮುಕ್ಕಾಲು ಟನ್ ಆಸುಪಾಸಿನ ಗಾಡಿಗೆ 15 ಬಿಎಚ್‌ಪಿ ಅಂದರೆ ಸಣ್ಣ ಮಾತಲ್ಲ.

ದುರ್ಗದ_ಸ್ಪ್ಯಾನರ್:

ಕೂರುತ್ತದೆ ಅನ್ನೋದು ಒಪ್ಪಿದೆ. ಆದರೆ ಈ ಗಾಡಿಗೆ ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಕೂರಿಸಿದ ಮೇಲೆ ಬ್ರೇಕ್, ಮೌಂಟಿಂಗ್, ರೇಡಿಯೇಟರ್ ಎಲ್ಲವೂ ಆ ಶಕ್ತಿಗೆ ತಕ್ಕ ಹಾಗೆ ಬದಲಾಗಬೇಕು. ಕಾನೂನಿನಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಜಿನ್ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಬೇಕು. ಅನುಮತಿ ಇಲ್ಲದೆ ಮಾರ್ಪಾಡು ಮಾಡಿದ ಮಾಲೀಕರಿಗೆ 182ಎ ಅಡಿ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇಂಜಿನ್ ನಂಬರ್. ಇದಕ್ಕಿಂತ ಮುಖ್ಯ, 993 ಸಿಸಿ ಅಲ್ಯೂಮಿನಿಯಂ ಇಂಜಿನ್ ಮೇಲಿನ ಆರ್‌ಪಿಎಂಗೆ ಖುಷಿಯಿಂದ ಏರುವುದೇ 1993ರಲ್ಲಿ ಮಾರುಕಟ್ಟೆಗೆ ಬಂದ ಈ ಝೆನ್ ಜನರ ಮನಸ್ಸಿನಲ್ಲಿ ಉಳಿಯಲು ಕಾರಣ. ಅದನ್ನು ಕಿತ್ತರೆ ಉಳಿಯೋದು ತಗಡು ಮಾತ್ರ.

ಚುರುಕು ಬೇಕಾದರೆ ವಾಲ್ವ್ ಸೀಟಿಂಗ್ ಚೆನ್ನಾಗಿ ಮಾಡಿಸಿ, ಕ್ಲಚ್ ಪ್ಲೇಟ್ ಹೊಸದು ಹಾಕಿ, ಸೈಲೆನ್ಸರ್ ಒಳಗೆ ಕಟ್ಟಿದೆಯಾ ನೋಡಿ. ಟೈರ್ ಮೂಲ ಅಳತೆ 145/70 ಆರ್13. ಅದರ ಬದಲು 155/65 ಆರ್13 ಹಾಕಿದರೆ ಸುತ್ತಳತೆ ಹೆಚ್ಚುಕಮ್ಮಿ ಅದೇ ಇದ್ದು ಅಗಲ ಮಾತ್ರ ಹೆಚ್ಚುತ್ತದೆ. 165/65 ಹಾಕಿದರೆ ಟೈರ್ 2 ಪರ್ಸೆಂಟ್ ದೊಡ್ಡದಾಗುತ್ತದೆ, ಸ್ಪೀಡೋಮೀಟರ್ ಕಮ್ಮಿ ತೋರಿಸುತ್ತದೆ, ನೀವು ಹೊಸದಾಗಿ ಕಟ್ಟಿದ ಆರ್ಚ್‌ಗೆ ಉಜ್ಜಬಹುದು. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಬೇಡಿ, ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಬಟ್ಟಲಿನಿಂದ ಜಾರುತ್ತದೆ.

ಬ್ರೇಕ್ ಪೆಡಲ್ ಇಳಿಯುತ್ತಿದೆ ಅಂದರೆ ಮಾಸ್ಟರ್ ಸಿಲಿಂಡರ್ ಪೂರ್ತಿ ಹೊಸದು ಹಾಕಿ, ಬರೀ ರಬ್ಬರ್ ವಾಷರ್ ಕಿಟ್ ಸಾಲದು. 7 ವರ್ಷದಲ್ಲಿ ಬೋರ್ ಒಳಗೆ ಚುಕ್ಕಿ ಚುಕ್ಕಿ ತುಕ್ಕು ಬಿದ್ದಿರುತ್ತದೆ, ಹೊಸ ವಾಷರ್ ಎರಡೇ ತಿಂಗಳಿಗೆ ಹರಿಯುತ್ತದೆ. ಹಿಂದಿನ ವೀಲ್ ಸಿಲಿಂಡರ್, ಎಲ್ಲ ರಬ್ಬರ್ ಹೋಸ್ ಕೂಡ ಹೊಸದು. ಲೋಹದ ಪೈಪು 4.75 ಮಿ.ಮೀ., ತುದಿಗೆ ಡಬಲ್ ಫ್ಲೇರ್ (ಎರಡು ಪದರವಾಗಿ ಮಡಚಿದ ಅರಳು ಬಾಯಿ) ಆಗಬೇಕು. ಸಿಂಗಲ್ ಫ್ಲೇರ್ ಒತ್ತಡಕ್ಕೆ ಸೀಳುತ್ತದೆ. ಗಾಡಿ ರಸ್ತೆಗೆ ಇಳಿಯುವ ಮೊದಲು ಪೆಡಲ್ ಜೋರಾಗಿ ಒತ್ತಿ ಎರಡು ನಿಮಿಷ ಹಿಡಿಯಿರಿ. ಒಂದು ಕೂದಲೆಳೆ ಇಳಿದರೂ ಎಲ್ಲೋ ಸೋರುತ್ತಿದೆ.

ಎರಡನೇಗೇರ್:

ಒಪ್ಪಿದೆ, ಮೂಲ ಇಂಜಿನ್‌ನಲ್ಲೇ ಇರಲಿ. ಕಾಗದದ ಬಗ್ಗೆ ಒಂದು ಮಾತು. ನವೀಕರಣಕ್ಕೆ ಫಾರ್ಮ್ 25, ಗಾಡಿ ತಪಾಸಣೆ ಆಗಿ 5 ವರ್ಷಕ್ಕೆ ಸಿಗುತ್ತದೆ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ಶುಲ್ಕ 10,000 ರೂಪಾಯಿ. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಹೆಚ್ಚುವರಿಯೂ ಕೇಂದ್ರದ ನಿಯಮದಲ್ಲಿದೆ. ಇದಲ್ಲದೆ ಹಸಿರು ತೆರಿಗೆ. ಆದ್ದರಿಂದ ತಗಡಿಗೆ ದುಡ್ಡು ಹಾಕುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಒಟ್ಟು ಬಾಕಿ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ಬಣ್ಣ ಬದಲಿಸುವ ಯೋಚನೆ ಇದ್ದರೆ ಅದಕ್ಕೂ ಅರ್ಜಿ ಬೇಕು.

ಇನ್ನೊಂದು: ಹೆಡ್‌ಲೈಟ್‌ಗೆ ರಿಲೇ ಹಾಕಿ. 60/55 ವ್ಯಾಟ್‌ನ ಎರಡು ಬಲ್ಬ್ ಡಿಮ್‌ನಲ್ಲೇ 9 ಆಂಪಿಯರ್ ಎಳೆಯುತ್ತವೆ, ಅಷ್ಟೂ ಹಳೇ ಕಾಂಬಿನೇಷನ್ ಸ್ವಿಚ್ ಮೂಲಕ ಹೋದರೆ ಅದರ ಪ್ಲಾಸ್ಟಿಕ್ ಕರಗುತ್ತದೆ. 30 ಆಂಪಿಯರ್ ರಿಲೇ ಎರಡು, ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ದಾಟಿ 2.5 ಚ.ಮಿ.ಮೀ. ತಂತಿ. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ.

ಹದಡಿರೋಡ್_96:

ಮೂಲ ಇಂಜಿನ್, ಮೂಲ ಬಣ್ಣ, ನಿರ್ಧಾರ ಆಯ್ತು. ನಾಳೆಯೇ ಬಾಕಿ ಕೇಳಿ ಬರುತ್ತೇನೆ. ತಗಡು_ಬಲ್ಲವ ಅವರೇ, ಪೇಂಟ್ ಶೆಡ್‌ನಲ್ಲೇ ಹೊಡೆಯಬಹುದೇ?

ತಗಡು_ಬಲ್ಲವ:

ಪ್ರೈಮರ್‌ವರೆಗೂ ಹೊಡೆಯಬಹುದು, ಮೇಲಿನ ಬಣ್ಣ ಬೂತ್‌ನಲ್ಲೇ ಆಗಲಿ. 2ಕೆ ಕ್ಲಿಯರ್‌ನ (ಹಾರ್ಡನರ್ ಬೆರೆಸಿ ಹೊಡೆಯುವ ಮೇಲಿನ ಹೊಳಪು ಪದರ) ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ವಿಷ ಇರುತ್ತದೆ, ಬಟ್ಟೆ ಕಟ್ಟಿಕೊಂಡರೆ ಅದು ತಡೆಯೋದಿಲ್ಲ, ಶ್ವಾಸಕೋಶ ಹಿಡಿದರೆ ಜೀವಮಾನದ ಉಬ್ಬಸ. ಮನೆಗೆ ಅಂಟಿದ ಶೆಡ್‌ನಲ್ಲಿ ಮಕ್ಕಳು, ವಯಸ್ಸಾದವರು ಇದ್ದರಂತೂ ಬೇಡವೇ ಬೇಡ. ಎಪಾಕ್ಸಿ ಪ್ರೈಮರ್‌ಗೂ ಕಾರ್ಟ್ರಿಡ್ಜ್ ಮಾಸ್ಕ್, ಕೈಗವಸು ಕಡ್ಡಾಯ, ಎರಡೂ ಕಡೆ ಬಾಗಿಲು ತೆರೆದಿರಲಿ.

ಕ್ರಮ ಹೀಗೆ. ವೆಲ್ಡ್ ತಟ್ಟಿ ಸಮ ಮಾಡಿ 80 ನಂಬರ್ ಎಮರಿಯಲ್ಲಿ ಉಜ್ಜಿ, ಥಿನ್ನರ್‌ನಲ್ಲಿ ಜಿಡ್ಡು ಒರೆಸಿ, ಅದೇ ದಿನ ಎಪಾಕ್ಸಿ ಹೊಡೆಯಿರಿ. ರಾತ್ರಿ ಬೋಳು ತಗಡು ಬಿಟ್ಟರೆ ಬೆಳಿಗ್ಗೆಗೆ ಕಣ್ಣಿಗೆ ಕಾಣದ ತುಕ್ಕು ಶುರುವಾಗಿರುತ್ತದೆ. ಪುಟ್ಟಿ ಎಪಾಕ್ಸಿ ಮೇಲೆ, 2–3 ಮಿ.ಮೀ. ದಾಟಬಾರದು. ಅದಕ್ಕಿಂತ ಆಳ ಇದ್ದರೆ ತಗಡನ್ನೇ ಮತ್ತೆ ತಟ್ಟಬೇಕು. ಪುಟ್ಟಿಗೆ ನೀರು ಹಾಕಿ ಉಜ್ಜಬೇಡಿ, ಅದು ಸ್ಪಂಜಿನ ಹಾಗೆ ಹೀರಿಕೊಂಡು ಆರು ತಿಂಗಳಿಗೆ ಬಣ್ಣ ಗುಳ್ಳೆ ಏಳುತ್ತದೆ. ನಿಮ್ಮ ಆರ್ಚ್ ಬಿರುಕಿಗೂ ಇದೇ ಕಾರಣ ಇರಬಹುದು. ಎಮರಿ ನಂಬರ್ ಪುಟ್ಟಿಗೆ 180, ಆಮೇಲೆ 320, ಸರ್ಫೇಸರ್ (ಬಣ್ಣಕ್ಕೆ ಮುಂಚಿನ ಪ್ರೈಮರ್) ಮೇಲೆ 600. ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಹಾಕಿ, ಪ್ರತಿ ದಿನ ಟ್ಯಾಂಕಿನ ತಳದ ನೀರು ಬಿಡಿ.

ಕಾಲವೂ ನೋಡಬೇಕು. ಆಷಾಢದ ಗಾಳಿಯಲ್ಲಿ ಧೂಳು ತಡೆಯಲಾಗದು, ಮಳೆಯ ತೇವಕ್ಕೆ ಬಣ್ಣ ಮಂಕಾಗುತ್ತದೆ, ಏಪ್ರಿಲ್-ಮೇ ಬಿಸಿಲಿಗೆ ಥಿನ್ನರ್ ಗನ್‌ನಿಂದ ಹೊರಟು ತಗಡು ಮುಟ್ಟುವಷ್ಟರಲ್ಲೇ ಹಾರಿ ಮೇಲ್ಮೈ ಒರಟಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ನಡುವೆ ಹೊಡೆಸಿ.

ಬಣ್ಣ ಆದ ಮೇಲೆ ಸಿಲ್, ಡೋರ್, ಆರ್ಚ್ ಒಳಗೆ ಉದ್ದ ಟ್ಯೂಬಿನಿಂದ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗದ ತುಕ್ಕು ತಡೆಯುವ ಮೇಣ) ಬಿಡಿ. ವೆಲ್ಡ್‌ನ ಒಳಮೈಗೆ ಯಾವ ಪ್ರೈಮರೂ ತಲುಪಿರುವುದಿಲ್ಲ, ತುಕ್ಕು ಮತ್ತೆ ಅಲ್ಲಿಂದಲೇ ಶುರುವಾಗೋದು. ಹಳೇ ಇಂಜಿನ್ ಆಯಿಲ್ ಬಳಿಯಬೇಡಿ, ಅದು ಸೋರಿ ಹೋಗುತ್ತದೆ, ಬುಷ್‌ಗಳ ರಬ್ಬರ್ ಹಾಳು ಮಾಡುತ್ತದೆ. ವ್ಯಾಕ್ಸ್ ಆರಿದ ಮೇಲೆ ಸಿಲ್ ಮತ್ತು ಡೋರ್ ತಳದ ಪ್ರತಿ ನೀರಿನ ತೂತಿಗೂ ಒಂದು ಕಡ್ಡಿ ಚುಚ್ಚಿ ಬಾಯಿ ಬಿಡಿಸಿ.